ಕೊಕ್ಕರೆಯ ಮೇಲೆ ಕರಡಿಮರಿ

ಅಪ್ಪಾ,

ಕೊಕ್ಕರೆ ಕೇರಿಯ ಮಗು ದೊಡ್ಡ ಇಗರ್ಜಿಯ ನೆಲದಲ್ಲಿ ಅಮೃತಶಿಲೆಯಿಂದ ಕೂಡಿಸಿದ ಕೊಕ್ಕರೆಯ ಚಿತ್ರದ ಮೇಲೆ ನಿಂತೇ ಮರಿಯಮ್ಮನಿಗೆ ಮೊದಲ ಮೇಣದಬತ್ತಿ ಹಚ್ಚಬೇಕೆಂದು ನನ್ನ ಬಾಲ್ಯದಲ್ಲಿ ಹೇಳಿದವನು ನೀನು. ನಮ್ಮ ಕೇರಿಗೆ ಆಗದ ಕರಡಿ ಕೇರಿಯವನನ್ನು ಮದುವೆಯಾದೆನೆಂದು ಸಾಯುವತನಕ ನನ್ನೊಡನೆ ಮಾತಾಡದವನೂ ನೀನೇ.

ನಿನ್ನೆ ನನ್ನ ಮಗಳು ಒತ್ತಾವಿಯಾಳನ್ನು ಆ ಕೊಕ್ಕರೆಯ ಮೇಲೆ ನಿಲ್ಲಿಸಿದೆ. ನಿನ್ನ ಗೆಳೆಯ ಸೆಸ್ತೀಲಿಯೊ ಅಡ್ಡ ಬಂದ.

"ಏ ಹುಡುಗಿ, ಕರಡಿಮರಿಗೆ ಇಲ್ಲೇನೇ ಕೆಲಸ? ನಿಮ್ಮಪ್ಪ ಇದ್ದಿದ್ರೆ ಬಿಡ್ತಿದ್ನಾ?"

"ಬಿಡ್ತಿರಲಿಲ್ಲ ಮಾವ. ಆದ್ರೂ ಅವನ ಮೊಮ್ಮಗಳು ಇವಳು. ಧೈರ್ಯ ಇದ್ರೆ ನೀನೇ ಎತ್ತಿ ಆಚೆ ಇಡು."

ಅವನು ಮುಟ್ಟಲಿಲ್ಲ. ಒತ್ತಾವಿಯಾ ತನ್ನಪ್ಪನ ಕರಡಿ ಕೇರಿಯ ಶಾಲು ಹೊದ್ದುಕೊಂಡೇ ಬತ್ತಿ ಹಚ್ಚಿದಳು.

ಇವತ್ತು ಬೆಳಿಗ್ಗೆ ಸೆಸ್ತೀಲಿಯೊ ನಾಲ್ಕಾರು ಮುದುಕರನ್ನು ಕರೆದುಕೊಂಡು ಹೋಗಿ ಕೊಕ್ಕರೆಯನ್ನು ಉಜ್ಜಿ ತೊಳೆದನಂತೆ. ತೊಳೆಯಲಿ. ಬರುವ ವರ್ಷದ ಬತ್ತಿಗೂ ಅವಳನ್ನು ಅಲ್ಲೇ ನಿಲ್ಲಿಸುತ್ತೇನೆ. ನೀನಿದ್ದಿದ್ದರೆ ನಿನ್ನೆದುರೇ ನಿಲ್ಲಿಸುತ್ತಿದ್ದೆ.