ಹಗ್ಗದ ಮುಂದೆ ಸುರಿದ ನೀರು

4 ಮೇ, ರವಿವಾರ
ಪರೇಡ್ ಮುಗಿಸಿ, ಜನರನ್ನು ತಡೆಯುವ ಹಗ್ಗ ಸುತ್ತಿಟ್ಟು ರೂಮಿಗೆ ಬಂದೆ. ಕೂಗಿ ಕೂಗಿ ಗಂಟಲು ಕಟ್ಟಿದೆ. ಬೇಸಿಗೆ ಸೂಟಿ ಶುರುವಾಗಿದೆಯಲ್ಲ, ಆಟದ ಪಾರ್ಕಿನ ತುಂಬ ಜನವೋ ಜನ. ಗೋವಾದ ಬಸ್ಸುಗಳು. ಅಳ್ನಾವರದ ಕಡೆಯಿಂದ ಒಂದು ಮದುವೆ ಪಾರ್ಟಿ. ಮದುಮಗನಿಗೂ ಹಿಂದೆ ಸರಿ ಅಂದೆ. ಸರಿದ, ಪಾಪ.

ಸೂಪರ್‌ವೈಸರ್ ಸುಭಾಸ ಸರ್ ಇವತ್ತು ಹೊಗಳಿದರು. "ಗೆರಿ ಹೊಡದಂಗ ನಿಲ್ಲಸ್ತೀಯಲ್ಲೋ ಮಂದೀನ. ಎಲ್ಲಿ ಕಲ್ತಿ?"

"ನಮ್ಮೂರ ಮೊರಬದಾಗರಿ. ನಮ್ಮಪ್ಪನ ಕಡಿಂದ."

ಮೊಹರಂನಲ್ಲಿ ಪಂಜಾ ದೇವರ ಮೆರವಣಿಗೆ ಹೊರಟಾಗ ಮುಂದೆ ಹಗ್ಗ ಹಿಡಿಯುವುದು ನಮ್ಮ ಮನೆಯವರು. ಅಜ್ಜ ಹಿಡಿದ, ಈಗ ಅಪ್ಪ. ಅಪ್ಪ ಯಾರನ್ನೂ ಮುಟ್ಟುವುದಿಲ್ಲ. "ಬಾಜು ಆಗ್ರೆಪಾ" ಅಂತ ಮೆಲ್ಲಗೆ ಅಂದರೆ ಊರೇ ಸರಿಯುತ್ತದೆ. ಇಲ್ಲಿ ಹಾಗಲ್ಲ. ಸೀಟಿ ಊದಬೇಕು, ಹಿಂದಿಯಲ್ಲಿ ಹೇಳಬೇಕು. ರೂಲ್ ಅದು.

9 ಮೇ, ಶುಕ್ರವಾರ
ನನ್ನ ಜೊತೆ ಹಗ್ಗ ಹಿಡಿಯುತ್ತಿದ್ದ ಮುದಕಪ್ಪನನ್ನು ಕೆಲಸದಿಂದ ತೆಗೆದರು. ಅವನ ಅಕ್ಕ-ಭಾವ ಕುಂದಗೋಳದಿಂದ ಬಂದಿದ್ದರಂತೆ, ಹಗ್ಗದ ಮುಂದೆ ಕೂರಿಸಿದ್ದ. ಅಷ್ಟಕ್ಕೇ. ಸುಭಾಸ ಸರ್ ಎಲ್ಲರನ್ನೂ ನಿಲ್ಲಿಸಿ ಹೇಳಿದರು, "ಇಲ್ಲಿ ಯಾರಿಗೂ ಬೀಗರಿಲ್ಲ, ಊರಿಲ್ಲ. ತಿಳೀತ?" ನಾನೇ ಎಲ್ಲರಿಗಿಂತ ಜೋರಾಗಿ ಯಸ್ ಸರ್ ಅಂದೆ.

18 ಮೇ
ಊಟ ಮಾಡಲಿಲ್ಲ. ಬರೆಯುವುದಕ್ಕೂ ಮನಸ್ಸಿಲ್ಲ.

20 ಮೇ, ಮಂಗಳವಾರ
ಬರೆದೇಬಿಡುತ್ತೇನೆ.

ಮೊನ್ನೆ ನಮ್ಮೂರ ಸಂಘದ ಹೆಂಗಸರು ಟೆಂಪೋ ಮಾಡಿಕೊಂಡು ಪಾರ್ಕಿಗೆ ಬಂದಿದ್ದರು. ನನಗೆ ಗೊತ್ತಿರಲಿಲ್ಲ. ನಾಲ್ಕರ ಪರೇಡ್. ನೆಲ ರೊಟ್ಟಿ ಹಂಚಿನಂತೆ ಕಾದಿತ್ತು. ಮುಂದೆ ಡೋಲು, ಆಮೇಲೆ ನವಿಲು ವೇಷದ ಡಾನ್ಸರ್ ಹುಡುಗರು, ಅವರ ಹಿಂದೆ ಟ್ರ್ಯಾಕ್ಟರ್‌ಗೆ ಬಟ್ಟೆ ಹೊದಿಸಿ ಮಾಡಿದ ಆನೆ ಗಾಡಿ. ನವಿಲಿಗೆ ಬೂಟು ಚೆಂದ ಕಾಣುವುದಿಲ್ಲ ಅಂತ ಹುಡುಗರೆಲ್ಲ ಬರಿಗಾಲು. ನನ್ನ ರೂಮಿನ ನಿಯಾಜ್‌ನೂ ಒಬ್ಬ ನವಿಲು.

ಮಲ್ಲಕ್ಕಾಯಿ ಹಗ್ಗ ದಾಟಿ ಬಂದಳು. ನಮ್ಮ ಬಾಜು ಮನೆಯ ಅಜ್ಜಿ. ತಂಗಿ ನಾಜಮೀನ್ ಹುಟ್ಟುವಾಗ ಅವ್ವ ಆಸ್ಪತ್ರೆಯಲ್ಲಿದ್ದಳು. ಅಷ್ಟೂ ದಿನ ಆಯಿಯ ಮನೆಯಲ್ಲೇ ಉಂಡು, ಅವಳ ಮಗ್ಗುಲಲ್ಲೇ ಮಲಗಿದವನು ನಾನು. ಅವಳ ಕೈಯಲ್ಲಿ ಕುಡಿಯುವ ನೀರಿನ ಬಾಟಲಿ ಇತ್ತು. ಮುಚ್ಚಳ ತೆಗೆದವಳೇ ಹುಡುಗರ ಕಾಲ ಮುಂದೆ ನೀರು ಸುರಿಯತೊಡಗಿದಳು.

ಊರಲ್ಲಿ ಪಂಜಾ ಹಿಡಿದವರು ಬರಿಗಾಲಲ್ಲಿ ಬರುತ್ತಾರೆ. ದಾರಿಯುದ್ದಕ್ಕೂ ಹೆಂಗಸರು ಅವರ ಕಾಲ ಮುಂದೆ ಕೊಡದಿಂದ ನೀರು ಹಾಕುತ್ತಾರೆ. ಮೊದಲ ಕೊಡ ಯಾವತ್ತೂ ಆಯಿಯದು. ಇಲ್ಲಿಯೂ ಡೋಲು, ಬರಿಗಾಲು, ಮುಂದೆ ಹಗ್ಗ ಹಿಡಿದ ನಾನು... ಅವಳಿಗೆ ಬೇರೆ ಏನು ತಾನೆ ಹೊಳೆಯಬೇಕು?

"ಲೇ ಮುಜ್ಯಾ! ಹುಡುಗೂರ ಕಾಲ ಸುಡಾಕತ್ತಾವಲ್ಲೋ, ಕಾಣಂಗಿಲ್ಲೇನ ನಿನಗ?"

ಜನ ನಕ್ಕರು. ಫೋನು ಹಿಡಿದು ವಿಡಿಯೋ ಮಾಡಿದರು. ಸುಭಾಸ ಸರ್ ಓಡಿ ಬಂದರು. "ಯಾರಿಕಿ? ನಿಮ್ಮ ಪೈಕೀನ?"

"ಗೊತ್ತಿಲ್ಲ ಸರ್. ಯಾರೋ."

ಅಷ್ಟಕ್ಕೇ ಬಿಡಲಿಲ್ಲ ನಾನು. ಆಯಿಯ ರಟ್ಟೆ ಹಿಡಿದೆ. "ಮಾಜೀ, ಪೀಛೆ ಹಟೋ" ಅಂದೆ. ಎಳೆದೆ. ಬಾಟಲಿ ಕೈಜಾರಿ ಬಿತ್ತು. ಹಿಂದಿಯಲ್ಲಿ ಮಾತಾಡಿದೆ ಅವಳ ಹತ್ತಿರ! ನನ್ನ ನಾಲಿಗೆಗೆ ಹುಳ ಬೀಳಲಿ.

ಒಂದು ಗಳಿಗೆ ನನ್ನ ಮುಖ ನೋಡಿದಳು. "ತಪ್ಪಾತ್ರಿ ಸಾಹೇಬ್ರ, ಸರೀತೇನ್ರಿ" ಅಂದು ತಾನೇ ಹೊರಟಳು. ನನ್ನ ನೌಕರಿ ಉಳಿಯಲಿ ಅಂತ ಹಾಗಂದಳೋ, ಇವನ ಸಹವಾಸ ಸಾಕು ಅಂತ ಅಂದಳೋ.

ಅವಳನ್ನೂ ಮೊಮ್ಮಗಳು ಸೌಂದರ್ಯಾಳನ್ನೂ ಗೇಟಿನ ಹೊರಗೆ ಹಾಕಿದರು. ಉಳಿದ ಹೆಂಗಸರು ನೀರಿನಾಟದ ಕಡೆ ಇದ್ದರು, ಅವರಿಗೆ ಇದ್ಯಾವುದೂ ಗೊತ್ತಿಲ್ಲ. ಪರೇಡ್ ಮುಗಿದ ಮೇಲೆ ಗೇಟಿನ ತನಕ ಹೋದೆ. ಕಬ್ಬಿನ ಹಾಲಿನ ಗಾಡಿಯ ನೆರಳಲ್ಲಿ ಇಬ್ಬರೂ ಕೂತಿದ್ದರು. ಹುಡುಗಿ ಇನ್ನೂ ಬಿಕ್ಕುತ್ತಿತ್ತು. ಅಲ್ಲಿಂದಲೇ ತಿರುಗಿ ಬಂದೆ.

21 ಮೇ
ನಿಯಾಜ್ ಅಂಗಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತ ಕೇಳಿದ, "ಮೊನ್ನೆ ನೀರು ಹಾಕಿದಳಲ್ಲ ಆ ಆಯಿ, ಯಾವ ಊರಾಕಿ? ನಾಕ ಹೆಜ್ಜಿ ಜೀವ ತಣ್ಣಗಾತ ನೋಡಪಾ."

ಗೊತ್ತಿಲ್ಲ ಅಂದೆ. ಎರಡನೇ ಸಲ. ಈ ಸಲ ಕೆಲಸ ಹೋಗುವ ಭಯವೂ ಇರಲಿಲ್ಲ.

2 ಜೂನ್
ಲೈನ್ ಲೀಡರ್ ಮಾಡಿದ್ದಾರೆ. ಹೊಸ ಬ್ಯಾಡ್ಜು. "ಇಂವಗ ಯಾರ ಮುಲಾಜೂ ಇಲ್ಲ" ಅಂತ ಸುಭಾಸ ಸರ್ ಎಲ್ಲರ ಮುಂದೆ ಅಂದರು. ಚಪ್ಪಾಳೆ ಬೇರೆ. ಬ್ಯಾಡ್ಜು ಪ್ಯಾಂಟಿನ ಕಿಸೆಯಲ್ಲಿದೆ. ಅವ್ವನಿಗೆ ಫೋನು ಮಾಡಿ ಹೇಳಬೇಕಾದ ಸುದ್ದಿ. ಹೇಳಲಿಲ್ಲ.

15 ಜೂನ್, ರವಿವಾರ
ಅವ್ವನೇ ಫೋನು ಮಾಡಿದಳು. ಆಯಿ ಪಾರ್ಕಿಗೆ ಬಂದ ದಿನ ನಾನು ಸಿಕ್ಕಿದ್ದೆನಾ ಅಂತ ಅವತ್ತೇ ಅವಳನ್ನು ಕೇಳಿದ್ದಳಂತೆ. "ಮಂದ್ಯಾಗ ಕಾಣಲೇ ಇಲ್ಲ ಬಾಷಾಬಿ" ಅಂದಳಂತೆ ಆಯಿ. ಬಿಸಿಲು ತಾಳದೆ ಹೊರಗೆ ಕೂತೆವು ಅಂತ ಸಂಘದವರಿಗೂ ಹೇಳಿದ್ದಾಳೆ. ಹುಡುಗಿಯ ಬಾಯಿಯನ್ನೂ ಕಟ್ಟಿರಬೇಕು.

ನನ್ನ ಮಾನ ಮುಚ್ಚಿದಳು. ಬೈದಿದ್ದರೆ ನಿದ್ದೆಯಾದರೂ ಬರುತ್ತಿತ್ತು.

ಅಪ್ಪನ ಮೊಣಕಾಲು ಊದಿದೆ. ಈ ವರ್ಷ ಮೊಹರಂಗೆ ಹಗ್ಗ ನಾನೇ ಹಿಡಿಯಬೇಕಂತೆ. ರಜೆ ಸಿಗುವುದಿಲ್ಲ ಅಂದೆ. ಅಪ್ಪ ಫೋನು ಇಸಿದುಕೊಂಡ. "ಬರಬೇಕು" ಅಂದ, ಇಟ್ಟ.

5 ಜುಲೈ, ಶನಿವಾರ. ಊರು
ಚೀಲ ಇಟ್ಟವನೇ ಆಯಿಯ ಮನೆಗೆ ಹೋದೆ. ಹೇಳಿಬಿಡಬೇಕು ಅಂತಲೇ ಹೋದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಎದ್ದು ಕೈ ತೊಳೆದುಕೊಂಡು ನನಗೆ ಕುರ್ಚಿ ಹಾಕಿದಳು.

ಆ ಮನೆಯಲ್ಲಿ ನಾನು ಕುರ್ಚಿ ಮೇಲೆ ಕೂತವನೇ ಅಲ್ಲ. ಒಲೆಯ ಬಾಜು ಕೂತು ಮೊದಲ ರೊಟ್ಟಿ ಕಿತ್ತುಕೊಳ್ಳುವವನು. ಇವತ್ತು ಕಪ್ಪು-ಬಸಿಯಲ್ಲಿ ಚಹಾ. "ಡ್ಯೂಟಿ ಹೆಂಗ ನಡದೈತ್ರಿ?" ಅಂತ ಕೇಳಿದಳು. ಸೌಂದರ್ಯಾ ನನ್ನನ್ನು ಕಂಡು ಒಳಗೆ ಓಡಿಹೋದಳು.

ಚಹಾ ಕುಡಿದೆ, ಎದ್ದು ಬಂದೆ.

6 ಜುಲೈ, ರವಿವಾರ. ಸಂಜೆ
ಮಳೆ ಬಿಟ್ಟಿತ್ತು, ಚುರುಚುರು ಬಿಸಿಲು. ಪಂಜಾ ಮಧ್ಯಾಹ್ನ ಹೊರಟವು. ನಾನು ಮುಂದೆ, ಬರಿಗಾಲಲ್ಲಿ, ಹಗ್ಗ ಹಿಡಿದು. ಅಪ್ಪ ಬಡಿಗೆ ಊರಿಕೊಂಡು ಹಿಂದೆ. ಬಾಜು ಆಗ್ರೆಪಾ ಅನ್ನಬೇಕು ಅಂದುಕೊಂಡೇ ಇದ್ದೆ, ಧ್ವನಿ ಏಳಲೇ ಇಲ್ಲ.

ನಮ್ಮ ಓಣಿಗೆ ಬಂದೆವು. ಮೊದಲ ಮನೆ ಆಯಿಯದು. ತುಂಬಿದ ಕೊಡ ಹಿಡಿದು ಹೊಸ್ತಿಲ ಒಳಗೇ ನಿಂತಿದ್ದಳು. ಇಷ್ಟು ವರ್ಷ ಅರ್ಧ ಓಣಿ ಎದುರು ಬಂದು ನೀರು ಹಾಕಿದವಳು. ಇವತ್ತು ಕಾಲು ಹೊರಗೆ ಇಡಲಿಲ್ಲ. ನನ್ನ ಕೈಯ ಹಗ್ಗವನ್ನೇ ನೋಡುತ್ತಿದ್ದಳು.

ಅವಳು ಹಾಕದೆ ಉಳಿದ ಹೆಂಗಸರು ಹಾಕುವುದಿಲ್ಲ. ಹಲಗೆಯ ಬಡಿತ ನಿಂತಿತು. ಪಂಜಾ ಹಿಡಿದವರು ಕಾದ ರಸ್ತೆಯ ಮೇಲೆ ಕಾಲು ಬದಲಿಸುತ್ತ ನಿಂತರು. ಊರೆಲ್ಲ ನೋಡುತ್ತಿತ್ತು.

ಅಪ್ಪ ಹಿಂದಿನಿಂದ ಕೂಗಿದ, "ಮಲ್ಲಕ್ಕಾ, ಯಾಕ ನಿಂತಿ ಬೇ?"

"ಹಿಂದ ಸರಿ ಅಂದಿದ್ರು ಹಸನಸಾಬ. ಸರದ ನಿಂತೇನಿ."

"ಯಾರಂದ್ರು?"

ಅವಳು ಆಗಲೂ ನನ್ನ ಹೆಸರು ಹೇಳಲಿಲ್ಲ. ಅಪ್ಪ ನನ್ನ ಕಡೆ ನೋಡಿದ. ನಾನು ಹಗ್ಗ ಕೆಳಗೆ ಬಿಟ್ಟೆ. "ಆಯೀ, ಬಾ" ಅಂದೆ. ಅಷ್ಟೇ ಬಂತು ಬಾಯಿಂದ. ಅದೂ ನನಗೇ ಕೇಳಿಸದಷ್ಟು ಸಣ್ಣಗೆ.

ಬಂದಳು. ಕೊಡ ಬಗ್ಗಿಸಿದಳು. ಮೊದಲ ನೀರು ನನ್ನ ಕಾಲ ಮೇಲೆ ಬಿತ್ತು. ತಣ್ಣಗೆ. ನಿಯಾಜ್ ಹೇಳಿದ್ದು ನಿಜ. ಮುಖ ಎತ್ತಲಾಗಲಿಲ್ಲ. ನಾಚಿಕೆಯಿಂದ ಸತ್ತೇಹೋಗುತ್ತೇನೆ ಅನ್ನಿಸಿತು. ಅವಳೂ ನನ್ನ ಮುಖ ನೋಡದೆ ತಿರುಗಿ ಹೊಸ್ತಿಲ ಒಳಗೆ ಹೋದಳು.

ಈಗ ಅಪ್ಪ ಕಟ್ಟೆಯ ಮೇಲೆ ಕೂತಿದ್ದಾನೆ. ಬಾಜುವಿಗೇ ಆಯಿಯೂ ಕೂತಿದ್ದಾಳೆ, ಅಪ್ಪನೇ ಕರೆಸಿದ. "ಮುಜಫರ್, ಹೊರಗ ಬಾ. ಏನಾಗೇತಿ ಹೇಳ" ಅನ್ನುತ್ತಿದ್ದಾನೆ. ಎರಡು ಸಲ ಕರೆದ. ಎಲ್ಲಿಂದ ಶುರು ಮಾಡಲಿ... ರಟ್ಟೆ ಹಿಡಿದದ್ದನ್ನು ಆಮೇಲೆ ಹೇಳಬಹುದು. ಮೊದಲು ಹೇಳಬೇಕಾದದ್ದು ಇದು. ಅಪ್ಪಾ, ಇಕಿ ಯಾರು ಅಂತ ಅವರು ಕೇಳಿದಾಗ ನಾನು...