ಸಿಮೆಂಟಿಗೆ ಹಾಕಿದ ನೀರು

ಬುಧವಾರ, ಮಧ್ಯಾಹ್ನ
ಮನೆಯಿಂದ

ಇವಳೇ,

ಕಾಗದದಲ್ಲೂ ಹೀಗೇ ಕರೆಯಬೇಕಾ ಎಂದು ನೀನು ಮೂಗು ಮುರಿಯುತ್ತೀಯ, ಗೊತ್ತು. ‘ಪ್ರೀತಿಯ’ ಎಂದು ಶುರುಮಾಡಿ ಎರಡು ಹಾಳೆ ಹರಿದು ಹಾಕಿದೆ. ಆ ಮಾತು ಬರೆಯುವ ಮುಖ ಸದ್ಯಕ್ಕೆ ನನಗಿಲ್ಲ. ಇಷ್ಟು ವರ್ಷ ಬಾಗಿಲಲ್ಲಿ ನಿಂತು ‘ಇವಳೇ’ ಎಂದರೆ ಒಳಗಿನಿಂದ ‘ಬಂದೆ’ ಎನ್ನುತ್ತಿದ್ದೆಯಲ್ಲ, ಆ ಧೈರ್ಯದ ಮೇಲೆ ಹಾಗೇ ಬರೆದಿದ್ದೇನೆ.

ನಿನ್ನ ಪತ್ರ ಸೋಮವಾರ ಬಂತು. ಅಕ್ಕನ ಮನೆಗೆ ಹೋದ ಮೇಲೆ ನನ್ನ ಫೋನನ್ನು ನೀನು ಒಮ್ಮೆಯೂ ಎತ್ತಿರಲಿಲ್ಲ. ಲಕೋಟೆಯ ಮೇಲೆ ನಿನ್ನ ಅಕ್ಷರ ಕಂಡದ್ದೇ ತಡ, ಕೈಗೆ ಹತ್ತಿದ್ದ ಗಾರೆಯನ್ನೂ ತೊಳೆಯದೆ ಒಡೆದೆ. ಎದುರುಮನೆ ಟೈಲರಮ್ಮ ಫೋನ್ ಮಾಡಿದ್ದಳೆಂದೂ, ನಾನು ಬೆಳಿಗ್ಗೆ ಸಂಜೆ ತಪ್ಪದೆ ನಿನ್ನ ಗಿಡಗಳಿಗೆ ನೀರು ಹಾಕುತ್ತಿದ್ದೇನೆಂದು ಹೇಳಿದಳೆಂದೂ ಬರೆದಿದ್ದೀಯ. ಮೊದಲು ನಂಬಲಿಲ್ಲವಂತೆ, ಆಮೇಲೆ ಅಳು ಬಂತಂತೆ. ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ, ಬಸಳೆಯ ಕುಡಿ ಚಿವುಟಬೇಡಿ, ನಾನೇ ಬಂದು ಚಿವುಟುತ್ತೇನೆ ಎಂದೂ ಬರೆದಿದ್ದೀಯ. ಓದಿದಾಗ ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಬಾಯಿಬಿಡುವುದು ಹೇಗೆ? ಅದರ ಬಾಯಿಗೆ ಸಿಮೆಂಟು ಮೆತ್ತಿದವನು ನಾನೇ ಅಲ್ಲವೇ?

ಟೈಲರಮ್ಮ ನಿನಗೆ ಸುಳ್ಳು ಹೇಳಲಿಲ್ಲ. ಬೆಳಿಗ್ಗೆ ಸಂಜೆ ನೀರು ಹಾಕಿದ್ದು ನಿಜ. ಗಿಡಕ್ಕಲ್ಲ, ಕಾಂಕ್ರೀಟಿಗೆ. ನಿನ್ನ ತೋಟ ಇಲ್ಲ. ಕಾಂಪೌಂಡಿನ ಗೋಡೆಗೆ ಹಬ್ಬಿದ್ದ ಬಸಳೆ, ನೀನು ಕತ್ತರಿಸಿ ಕತ್ತರಿಸಿ ಪೊದೆ ಮಾಡಿದ್ದ ನುಗ್ಗೆ, ಚಕ್ರಮುನಿಯ ಬೇಲಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹರಡಿದ್ದ ಒಂದೆಲಗ, ಬಣ್ಣದ ಡಬ್ಬಿಯಲ್ಲಿದ್ದ ದೊಡ್ಡಪತ್ರೆ, ಒಂದೂ ಇಲ್ಲ. ನೀನು ಹೋದ ಮರು ಭಾನುವಾರವೇ ಎಲ್ಲವನ್ನೂ ಕಿತ್ತು, ನೆಲ ಬಡಿದು ದಮ್ಮಸು ಮಾಡಿ, ಜಲ್ಲಿ ಹರಡಿ ಕಾಂಕ್ರೀಟ್ ಹಾಕಿಬಿಟ್ಟೆ. ಟೈಲರಮ್ಮ ಆವತ್ತು ತಂಗಿಯ ಮನೆಗೆ ಹೋಗಿದ್ದಳು. ನಾನು ಕಟ್ಟಿದ ಗೋಡೆ ಎಷ್ಟು ಎತ್ತರ ಎಂಬುದು ನಿನಗೆ ಗೊತ್ತೇ ಇದೆ. ಹೊಲಿಗೆ ಮೆಷಿನ್ನಿನ ಮುಂದೆ ಕೂತರೆ ಅವಳಿಗೆ ಕಾಣುವುದು ನನ್ನ ತಲೆ ಮತ್ತು ಪೈಪಿನಿಂದ ಚಿಮ್ಮುವ ನೀರು, ಅಷ್ಟೇ.

ಹೊಸ ಕಾಂಕ್ರೀಟಿಗೆ ದಿನಕ್ಕೆರಡು ಸಲ ನೀರು ಕುಡಿಸದಿದ್ದರೆ ಬಿರುಕು ಬಿಡುತ್ತದೆ. ಗಾರೆಯವನ ಹೆಂಡತಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಹೇಳುತ್ತಿರುವುದು ನನಗೇ. ‘ಬೇಸಿಗೆ ಕಣ್ರೀ, ನಾನು ಬರೋದು ತಡವಾದ್ರೆ ಒಂದು ಬಿಂದಿಗೆ ನೀರು ಹಾಕಿ’ ಎಂದು ನೀನು ಎಷ್ಟು ಸಲ ಅಂಗಲಾಚಿದ್ದೆ. ಸೊಂಟ ನೋವು, ಕಾಲು ನೋವು, ಟಿವಿಯಲ್ಲಿ ಮ್ಯಾಚು ಎಂದು ಒಂದು ಸಲವೂ ಹಾಕಲಿಲ್ಲ. ಅದೇ ಗಿಡಗಳ ಗೋರಿಗೆ ಮಾತ್ರ ಅಲಾರಂ ಇಟ್ಟು ಎದ್ದು ನೀರು ಕುಡಿಸಿದೆ. ಸಂಜೆ ಕೆಲಸದಿಂದ ಬಂದವನು ಚಹಾ ಕೂಡ ಕುಡಿಯದೆ ಪೈಪು ಹಿಡಿಯುತ್ತಿದ್ದೆ. ದಾರಿಯಲ್ಲಿ ಹೋಗುವ ಹಾಲಿನವನು, ‘ಏನ್ ಮೇಸ್ತ್ರಿ, ಹೆಂಡ್ತಿ ಊರಲ್ಲಿಲ್ಲ ಅಂತ ಗಿಡ ಚೆನ್ನಾಗಿ ನೋಡ್ಕೋತಿದೀರ’ ಎಂದ. ನಾನು ಹ್ಞೂಂ ಅಂದೆ.

ಏಕೆ ಮಾಡಿದೆ ಎಂದು ಕೇಳುತ್ತೀಯ. ಸ್ಕೂಟರ್ ನಿಲ್ಲಿಸಲು ಜಾಗ ಬೇಕಿತ್ತು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಸ್ಕೂಟರ್ ಈಗಲೂ ಬೀದಿಯಲ್ಲೇ ನಿಂತಿದೆ.

ಆ ಊಟದ ದಿನದ ಮಾತಿಗೆ ಬರುತ್ತೇನೆ. ಬರದಿದ್ದರೆ ಈ ಪತ್ರಕ್ಕೆ ಅರ್ಥವಿಲ್ಲ. ಹೊಸ ಕೆಲಸ ಕೊಡಲಿದ್ದ ಎಂಜಿನಿಯರನ್ನೂ ಅವರ ಜೊತೆಯವರನ್ನೂ ಊಟಕ್ಕೆ ಕರೆದವನು ನಾನೇ. ನೀನು ಬೆಳಿಗ್ಗೆಯಿಂದ ಒಲೆಯ ಮುಂದೆ ನಿಂತು ಬಸಳೆಯನ್ನು ಬೇಳೆಯ ಜೊತೆ ಬೇಯಿಸಿದ್ದೆ, ನುಗ್ಗೆಸೊಪ್ಪು ಹುರಿದಿದ್ದೆ, ಒಂದೆಲಗ ಅರೆದು ಮೊಸರಿಗೆ ಹಾಕಿದ್ದೆ. ನನಗೆ ಕಂಡದ್ದು ಬರೀ ಸೊಪ್ಪು. ‘ನಾನು ದುಡಿದು ತಂದು ಹಾಕ್ತೀನಿ ಸಾರ್, ಇವಳು ಬೇಲಿ ಬೇಯಿಸಿ ಹಾಕ್ತಾಳೆ. ಮನೇಲಿ ಮೇಕೆ ಕಟ್ಟೋ ಖರ್ಚು ಉಳೀತು’ ಎಂದೆ. ಎಲ್ಲರೂ ನಕ್ಕರು. ನೀನೂ ನಕ್ಕೆ. ನಗುತ್ತಲೇ ಎಂಜಿನಿಯರರಿಗೆ ಎರಡನೇ ಸಲ ಬಡಿಸಿದೆ. ಅವರೇ ಕೇಳಿ ಹಾಕಿಸಿಕೊಂಡರು ಎಂಬುದನ್ನು ನಾನು ನೋಡಿಯೂ ನೋಡದಂತೆ ಇದ್ದೆ. ಪಾತ್ರೆ ತೊಳೆದಿಟ್ಟು, ಮರುದಿನ ಬೆಳಿಗ್ಗೆ ಒಂದು ಕೈಚೀಲ ಹಿಡಿದು ಹೊರಟಾಗಲೂ ನೀನು ಒಂದು ಮಾತು ಆಡಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಸಿಕೊಳ್ಳದ ಸಿಟ್ಟೆಲ್ಲ ನನ್ನೊಳಗೇ ಉಳಿದು, ಮುಂದಿನ ಭಾನುವಾರ ಗುದ್ದಲಿಗೆ ಇಳಿಯಿತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ?

ನಿನ್ನ ಪತ್ರ ಓದಿದ ಮೇಲೆ ಮೊದಲು ಹೊಳೆದದ್ದು ಒಳ್ಳೆಯ ಬುದ್ಧಿಯೇನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಭಾನುವಾರದೊಳಗೆ ಕಾಂಕ್ರೀಟ್ ಒಡೆದು, ಬೀದಿಯಲ್ಲಿ ನೀನು ಯಾರು ಯಾರಿಗೆ ಕಡ್ಡಿ ಕೊಟ್ಟಿದ್ದೆಯೋ ಅವರಿಂದಲೇ ಕಡ್ಡಿ ತಂದು ನೆಟ್ಟು, ‘ಬಿಸಿಲು ಜಾಸ್ತಿ ಇತ್ತು, ಸ್ವಲ್ಪ ಸೊರಗಿದೆ’ ಎಂದು ಹೇಳಿಬಿಡೋಣ ಎಂದುಕೊಂಡೆ. ಸುತ್ತಿಗೆ, ಚಾಣ, ಹಾರೆ ಹಿಡಿದು ಕೂತೆ. ಕಥೆಗಳಲ್ಲಾದರೆ ಸಿಮೆಂಟಿನ ಸಂದಿಯಿಂದ ಒಂದು ಚಿಗುರು ಇಣುಕುತ್ತದೆ. ಇಲ್ಲಿ ಏನೂ ಇಣುಕಲಿಲ್ಲ. ನನ್ನ ಕೆಲಸ ಬಿರುಕು ಬಿಡುವುದಿಲ್ಲ. ಅದರ ಬಗ್ಗೆ ಎಷ್ಟು ಜಂಬ ಕೊಚ್ಚಿಕೊಂಡಿದ್ದೇನೆ ನಿನ್ನ ಮುಂದೆ. ಆ ಗಟ್ಟಿ ಕೆಲಸವನ್ನು ನಾನೇ ಒಡೆಯುವಾಗ ಅಂಗೈಯಲ್ಲಿ ಬೊಬ್ಬೆ ಬಂತು. ಒಂದೊಂದು ಏಟಿಗೂ, ‘ಇನ್ನೂ ನೀರು ಕುಡಿಸು ಮಗನೇ’ ಎಂದು ಬೈದುಕೊಂಡೆ.

ಆಮೇಲೆ ಟೈಲರಮ್ಮನ ಬಾಗಿಲಿಗೆ ಹೋಗಿ ನಿಂತೆ. ಚಕ್ರಮುನಿಯ ಒಂದು ಕಡ್ಡಿ ಬೇಕಿತ್ತಮ್ಮ ಎಂದೆ. ಅವಳು ರವಿಕೆಗೆ ಗುಂಡಿ ಹಚ್ಚುತ್ತಾ, ‘ನಿಮ್ಮನೇಲೇ ಬೇಲಿ ತುಂಬಾ ಇದೆಯಲ್ಲಣ್ಣ. ನನ್ನದೂ ನಿಮ್ಮನೆ ಅಕ್ಕನೇ ಕೊಟ್ಟಿದ್ದು. ಉಲ್ಟಾ ನನ್ನ ಹತ್ರ ಕೇಳ್ತೀರಲ್ಲ?’ ಎಂದು ನಕ್ಕಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಬೊಬ್ಬೆ ಬಂದ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ಅವಳ ನಗು ನಿಂತಿತು. ಚಪ್ಪಲಿ ಮೆಟ್ಟಿಕೊಂಡು ನಮ್ಮ ಗೇಟಿನವರೆಗೆ ಬಂದು ಒಳಗೆ ನೋಡಿದಳು.

ನನ್ನ ಕಡೆ ತಿರುಗಿ, ‘ನಾನು ಅಕ್ಕನಿಗೆ ಹೇಳಿಬಿಟ್ಟೆನಲ್ಲ ಅಣ್ಣ. ಅವರು ಫೋನಲ್ಲೇ ಅತ್ತರು. ನನ್ನನ್ನೂ ಸುಳ್ಳಿ ಮಾಡಿಬಿಟ್ರಲ್ಲ’ ಎಂದಳು. ನೀನೇ ಫೋನ್ ಮಾಡಿ ಹೇಳಿಬಿಡಮ್ಮ, ನನ್ನ ಕೈಲಾಗುವುದಿಲ್ಲ ಎಂದೆ. ‘ಆಗೋದೇ ಇಲ್ಲ. ಕಿತ್ತೋರು ನೀವು, ಹೇಳೋರೂ ನೀವೇ. ಭಾನುವಾರ ಬಸ್ ಇಳಿದು ಬಂದು ಅವರು ಕಣ್ಣಾರೆ ನೋಡೋ ಹಾಗೆ ಮಾಡಿದ್ರೋ, ನಿಮ್ಮನೆ ಕಡೆ ತಲೆ ಹಾಕಿ ಮಲಗಲ್ಲ ನಾನು’ ಎಂದಳು. ಬೈದರೂ ಕಡ್ಡಿ ಕತ್ತರಿಸಿ ಕೊಟ್ಟಳು. ಕೆಳಗಿನ ಎಲೆ ತೆಗೆದು ನೆಡಬೇಕು, ತೆಗೆದ ಎಲೆ ಬಿಸಾಡಬೇಡಿ, ಬೇಯಿಸಿಕೊಳ್ಳಿ ಎಂದು ಹೇಳಿಕೊಟ್ಟಳು. ಮೂಲೆಮನೆಯ ನರ್ಸಮ್ಮ ನುಗ್ಗೆಯ ಕೊಂಬೆ ಕೊಟ್ಟರು. ಇಸ್ತ್ರಿಯವನ ಹೆಂಡತಿ ಒಂದೆಲಗವನ್ನು ಮಣ್ಣುಸಮೇತ ಎಬ್ಬಿಸಿ ಕೊಟ್ಟಳು. ಪ್ರತಿ ಬಾಗಿಲಲ್ಲೂ, ‘ಅಯ್ಯೋ, ಇದು ನಿಮ್ಮನೆಯದ್ದೇ’ ಎಂಬ ಮಾತು. ಹೆಂಡತಿ ಧಾರಾಳವಾಗಿ ಹಂಚಿದ್ದನ್ನು ಗಂಡ ಮನೆಮನೆಯಲ್ಲಿ ತಿರಿದು ತರುವ ಗತಿ ಯಾವ ಶತ್ರುವಿಗೂ ಬೇಡ. ಬಸಳೆ ಬೇರೆ ಕಡೆಯಿಂದ ಸಿಕ್ಕಿತು. ಆ ಸುದ್ದಿ ಈಗ ಬೇಡ. ನಿನ್ನ ಗಿಡಗಳನ್ನು ನಾನು ಬೇರುಸಮೇತ ಕಿತ್ತು ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಿಗೆ ಇಟ್ಟಿದ್ದೆ, ಆದರೆ ಬದುಕಲಿಲ್ಲ. ಅಷ್ಟು ತಿಳಿದುಕೊಂಡರೆ ಸಾಕು.

ಕಾಂಕ್ರೀಟ್ ಒಡೆದ ಜಾಗದಲ್ಲಿ ಕಡ್ಡಿಗಳನ್ನು ನೆಟ್ಟೆ. ಅವುಗಳಿಂದ ಬಿಡಿಸಿದ ಎಲೆ ಒಂದು ಹಿಡಿ ಆಯಿತು. ಟೈಲರಮ್ಮ ಹೇಳಿದಂತೆ ಬೇಳೆಯ ಜೊತೆ ಬೇಯಿಸಿದೆ. ಉಪ್ಪು ಜಾಸ್ತಿ, ನುಗ್ಗೆಯ ಕಡ್ಡಿಯೆಲ್ಲ ಹಲ್ಲಿಗೆ ಸಿಕ್ಕಿತು. ಆದರೂ ಮೊದಲ ತುತ್ತು ಬಾಯಿಗೆ ಇಟ್ಟ ಕೂಡಲೇ ಆ ಮಳೆಗಾಲ ಕಣ್ಣ ಮುಂದೆ ಬಂತು. ಕಟ್ಟಡದ ಸಾರವೆಯಿಂದ ಬಿದ್ದು ಸೊಂಟ ಹಿಡಿದು ಮಲಗಿದ್ದೆನಲ್ಲ, ಆಗ. ಕೆಲಸವಿಲ್ಲ, ಮನೆಯಲ್ಲಿ ಏನೂ ಇಲ್ಲ. ನೀನು ಸೆರಗಿನಲ್ಲಿ ಸೊಪ್ಪು ತುಂಬಿಕೊಂಡು ಬಂದು, ‘ಇವತ್ತು ಬೇರೆ ಸೊಪ್ಪು ಕಣ್ರೀ’ ಎಂದು ದಿನಕ್ಕೊಂದು ಹೆಸರು ಹೇಳಿ ತಿನ್ನಿಸುತ್ತಿದ್ದೆ. ಕೊಯ್ದಷ್ಟೂ ಚಿಗುರುವ ಗಿಡ, ನಮಗೇನು ಕಡಿಮೆ ಎನ್ನುತ್ತಿದ್ದೆ. ನೋಡಲು ಬಂದವರಿಗೆ ನಾನು, ‘ಡಾಕ್ಟರು ಸೊಪ್ಪೇ ತಿನ್ನಬೇಕು ಅಂದಿದ್ದಾರೆ’ ಎಂದು ಬುರುಡೆ ಬಿಡುತ್ತಿದ್ದೆ. ನೀನು ಒಂದು ಸಲವೂ ನನ್ನ ಬುರುಡೆ ಒಡೆಯಲಿಲ್ಲ.

ನನಗೆ ಸೊಪ್ಪಿನ ಮೇಲೆ ಸಿಟ್ಟಿರಲಿಲ್ಲ ಕಣೇ. ದುಡಿಯಲಾರದೆ ಮಲಗಿದ್ದವನನ್ನು ಆ ಬೇಲಿ ಸಾಕಿತ್ತು. ಅದನ್ನು ಕಂಡವರು ಇಬ್ಬರೇ, ನೀನು ಮತ್ತು ಆ ಬೇಲಿ. ಎದ್ದು ಓಡಾಡಿ ನಾಲ್ಕು ಜನರ ಮುಂದೆ ಮೇಸ್ತ್ರಿ ಎನ್ನಿಸಿಕೊಂಡ ಮೇಲೆ ತಟ್ಟೆಯಲ್ಲಿ ಸೊಪ್ಪು ಕಂಡರೆ ನನಗೆ ಆ ಹಾಸಿಗೆಯೇ ಕಾಣುತ್ತಿತ್ತು. ಅದಕ್ಕೇ ಎಂಜಿನಿಯರ್ ಮುಂದೆ ಹಾಗೆ ಆಡಿದೆ. ನೀನು ಹೊರಟುಹೋದೆ. ಉಳಿದ ಇನ್ನೊಂದು ಸಾಕ್ಷಿಯನ್ನು ನಾನು ಹೂತುಹಾಕಿದೆ. ಇದನ್ನು ಬರೆಯುವಾಗ ಒಬ್ಬನೇ ಇದ್ದೇನೆ, ಆದರೂ ಕಿವಿಯೆಲ್ಲ ಬಿಸಿಯಾಗಿದೆ.

ಈ ಪತ್ರ ಶುಕ್ರವಾರ ನಿನ್ನ ಕೈ ಸೇರುತ್ತದೆ ಎಂದು ಅಂಚೆಯವನು ಹೇಳಿದ್ದಾನೆ. ನೀನು ಬರುತ್ತೇನೆಂದು ಬರೆದದ್ದು ಗಿಡಕ್ಕೆ ನೀರು ಹಾಕಿದ ಗಂಡನ ಹತ್ತಿರಕ್ಕೆ. ಅಂಥವನು ಈ ಮನೆಯಲ್ಲಿಲ್ಲ. ಇರುವವನು ಇವನು. ಇವನಿಗಾಗಿ ಬಸ್ಸು ಹತ್ತಬೇಕಾ ಎಂದು ಯೋಚಿಸಲು ನಿನಗೆ ಒಂದು ಇಡೀ ದಿನ ಇರಲಿ ಎಂದು ಇವತ್ತೇ ಅಂಚೆಗೆ ಹಾಕುತ್ತಿದ್ದೇನೆ. ಭಾನುವಾರ ಬಸ್ ನಿಲ್ದಾಣದಲ್ಲಿ ನಿಂತಿರುತ್ತೇನೆ. ನೀನು ಇಳಿಯದಿದ್ದರೆ ಯಾರನ್ನೂ ಕೇಳದೆ ವಾಪಸು ಬರುತ್ತೇನೆ. ಅಕ್ಕನಿಗೆ ಈ ಪತ್ರ ತೋರಿಸಬೇಕು ಎನ್ನಿಸಿದರೆ ತೋರಿಸು. ಬೇಡ ಎನ್ನುವ ಹಕ್ಕು ನನಗಿಲ್ಲ.

ಇಂತಿ,
ನೀನು ಈಗಲೂ ಯಾರ ಮುಂದಾದರೂ ‘ನಮ್ಮನೆಯವರು’ ಎನ್ನುವುದಾದರೆ, ಆ ಮನೆಯವನು

ಮರೆತದ್ದು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಲಕೋಟೆಗೆ ಅಂಟು ಹಚ್ಚಲು ಹೋದೆ, ಕೈ ಬರಲಿಲ್ಲ. ಒದ್ದೆ ಗೋಣಿಯ ಮಾತು ಸುಳ್ಳು. ಕಿತ್ತ ಗಿಡಗಳನ್ನೆಲ್ಲ ಆವತ್ತೇ ಕಸದ ಗಾಡಿಗೆ ಹಾಕಿದೆ. ಗಾಡಿಯವನು, ‘ಇಷ್ಟು ಹಸಿರಾಗಿದೆ, ಎಸೀತೀರಾ ಸಾರ್?’ ಎಂದು ಕೇಳಿದ. ನಿನ್ನ ಕೆಲಸ ನೀನು ನೋಡಿಕೋ ಎಂದು ಗದರಿದೆ. ಅವನು ಬಸಳೆಯ ಬಳ್ಳಿಯೊಂದನ್ನು ಎತ್ತಿಟ್ಟುಕೊಂಡು ತನ್ನ ಮನೆಯ ನೀರಿನ ಡ್ರಮ್ಮಿನ ಪಕ್ಕ ನೆಟ್ಟಿದ್ದಾನೆ. ನಿನ್ನೆ ಅವನ ಮನೆಗೆ ಹೋಗಿ ಕೇಳಿದೆ. ಅದರದೇ ಒಂದು ಕುಡಿ ಕತ್ತರಿಸಿ ಕೊಟ್ಟ. ಈಗ ಗೋಡೆಯ ಬುಡದಲ್ಲಿರುವುದು ನಿನ್ನದೇ ಬಳ್ಳಿ. ಎರಡು ಎಲೆ ಇದೆ, ಚಿವುಟಿಲ್ಲ.

ಕಾಂಪೌಂಡಿನೊಳಗೆ ಬೆಳಿಗ್ಗೆ ಸಂಜೆ ಮತ್ತೆ ನೀರಿನ ಸದ್ದು ಕೇಳುತ್ತಿದೆ ಎಂದು ಟೈಲರಮ್ಮ ಫೋನಿನಲ್ಲಿ ಹೇಳಬಹುದು. ನಂಬಬೇಡ. ಬಂದು ನೋಡು.