ಜಲ್ಲಿ ಬಯಲು ಖಾಲಿ ನೆಲವಲ್ಲ

ಸಂರಕ್ಷಣಾ ಇಲಾಖೆಯಲ್ಲಿ ಪರವಾನಗಿ ಕೊಡುವ ಮಾನ್ಯ ಅಧಿಕಾರಿಗಳೇ,

ಇನ್ನೂ ಹಾರಲು ಬಾರದ ಮರಿಗಳ ಮೇಲೆ ಕಾರು ಓಡಿಸಲು ನೀವು ಅನುಮತಿ ಕೊಟ್ಟಿದ್ದೀರಿ. ಡೆಸರ್ಟ್ ರೋಡಿನ ಬದಿಯ ಜಲ್ಲಿ ಬಯಲನ್ನು ಬರುವ ಸೋಮವಾರ ಯಂತ್ರದಿಂದ ಸಮತಟ್ಟು ಮಾಡಿಸಿ, ಮೋಟಾರು ರ‍್ಯಾಲಿಗೆ ಬರುವವರ ವಾಹನಗಳಿಗೆ ಬಿಟ್ಟುಕೊಡುತ್ತೀರಂತೆ. ನಿಮ್ಮ ಪ್ರಕಟಣೆ ಆ ಜಾಗವನ್ನು ‘ಸಸ್ಯ, ಪ್ರಾಣಿಗಳಿಲ್ಲದ ಖಾಲಿ ನೆಲ’ ಎಂದು ಕರೆದಿದೆ. ಈ ಪತ್ರದ ಇಂಗ್ಲಿಷ್ ಪ್ರತಿ ನಿಮಗೆ ತಲುಪಿದೆ. ಕನ್ನಡದ್ದನ್ನು ನಮ್ಮ ಸಂಘದ ಪತ್ರಿಕೆಗೆ ಕೊಡುತ್ತಿದ್ದೇನೆ. ರ‍್ಯಾಲಿಗೆ ಟಿಕೆಟ್ ತೆಗೆದುಕೊಂಡು ಕುಳಿತವರು ನಮ್ಮಲ್ಲೂ ಇದ್ದಾರೆ.

ಆ ನೆಲ ಖಾಲಿಯಲ್ಲ ಎಂದು ನಮಗೆ ಕಲಿಸಿದವರು ಯಾರು? ನಿಮ್ಮದೇ ಕಚೇರಿಯವರು. ಎಳ್ಳು ಅಮಾವಾಸ್ಯೆಯ ದಿನ ನಮ್ಮ ವಿಜಯಪುರದ ಕಡೆ ಹೊಲಕ್ಕೆ ಹೋಗಿ, ಮಾಡಿದ ಅಡುಗೆಯನ್ನು ಚೆಲ್ಲಿ ಭೂಮಿತಾಯಿಗೆ ಉಣಿಸುತ್ತಾರೆ. ಅದಕ್ಕೆ ಚರಗ ಎನ್ನುತ್ತಾರೆ. ತಕಾನಿನಿಯಲ್ಲಿ ನಮಗೆ ಹೊಲವೆಲ್ಲಿ? ಪ್ರತಿ ವರ್ಷ ಹಿತ್ತಲಲ್ಲಿ ಬಟ್ಟೆ ಒಣಹಾಕುವ ಹಗ್ಗದ ಕೆಳಗೇ ಚರಗ ಮುಗಿಯುತ್ತಿತ್ತು. ಕಳೆದ ತಿಂಗಳು ಆ ದಿನ ನಾವು ವೆಲಿಂಗ್ಟನ್‌ಗೆ ಹೊರಟಿದ್ದೆವು. ಬಸಪ್ಪ ದೊಡ್ಡಪ್ಪ ಆ ಬಯಲನ್ನು ಕಂಡವರೇ ಕಾರು ನಿಲ್ಲಿಸಿಬಿಟ್ಟರು.

“ಈಕಿ ಎಷ್ಟ್ ಹಸ್ದಾಳ ನೋಡು ಮಯೂರಿ. ಮೈಮ್ಯಾಲ ಒಂದ್ ಕಡ್ಡಿ ಹುಲ್ಲಿಲ್ಲ. ಉಣಸೂದಾದ್ರ ಈಕಿಗೇ ಉಣಸ್ಬೇಕು.”

ಸಜ್ಜೆ ರೊಟ್ಟಿ, ಕಡಬು, ಪುಂಡಿ ಪಲ್ಯ ಎಲ್ಲವೂ ಜಲ್ಲಿಯ ಮೇಲೆ ಬಿದ್ದವು. “ನಮಗೂ ಒಂದೀಟ್ ಉಳಸ್ರಿ, ವೆಲಿಂಗ್ಟನ್ ಇನ್ನೂ ದೂರ ಐತಿ” ಎಂದರು ನೀಲಗಂಗಾ ದೊಡ್ಡವ್ವ.

ಅಷ್ಟರಲ್ಲಿ ನಿಮ್ಮ ಕಚೇರಿಯ ಯೂಟ್ ಗಾಡಿ ಬಂತು. ಇಳಿದ ಸಿಬ್ಬಂದಿ, ಊಟದ ವಾಸನೆಗೆ ಇಲಿಗಳು ಬರುತ್ತವೆ, ಬಂದರೆ ಗೂಡು ಉಳಿಯುವುದಿಲ್ಲ ಎಂದರು. ಯಾವ ಗೂಡು ಎಂದು ಕೇಳಿದೆವು. ಎದೆಗೆ ಎರಡು ಪಟ್ಟಿಯಿರುವ ಪುಟ್ಟ ಡಾಟರೆಲ್ ಹಕ್ಕಿಯೊಂದು ರೆಕ್ಕೆ ಎಳೆಯುತ್ತ ನಮ್ಮೆದುರು ಕುಂಟುತ್ತಿತ್ತು. “ಅಯ್ಯ, ರೆಕ್ಕಿ ಮುರ್ದೈತಲ್ಲ” ಎಂದರು ದೊಡ್ಡಪ್ಪ. ಮುರಿದಿರಲಿಲ್ಲ. ನಮ್ಮನ್ನು ಗೂಡಿನಿಂದ ದೂರ ಸೆಳೆಯಲು ಅದು ಹಾಗೆ ನಟಿಸುತ್ತಿತ್ತು. ಗೂಡೆಂದರೆ ಜಲ್ಲಿಯಲ್ಲೊಂದು ತಗ್ಗು, ಅದರಲ್ಲಿ ಕಲ್ಲಿನ ಬಣ್ಣದ್ದೇ ಮೊಟ್ಟೆಗಳು.

ದೊಡ್ಡಪ್ಪ ಮೊಣಕಾಲೂರಿ ಚೂರು ಚೂರನ್ನೂ ಆರಿಸಿ ತೆಗೆದರು. ಭೂಮಿಗೆ ಇಟ್ಟ ಎಡೆಯನ್ನು ಅವಳ ಬಾಯಿಂದಲೇ ಕಿತ್ತುಕೊಳ್ಳುವುದು ಅವರಿಗೆ ಎಂಥ ಸಂಕಟವೆಂದು ನಿಮಗೆ ಹೇಗೆ ವಿವರಿಸಲಿ? ಹಾಗೆ ಬಗ್ಗಿದಾಗಲೇ ಅಂಗೈಯಗಲದ ಬೂದು ಬೆಳ್ಳಿ ಬಣ್ಣದ ಹಾಸುಗಳು ಅವರ ಕಣ್ಣಿಗೆ ಬಿದ್ದದ್ದು. ಗಾಳಿಗೆ ತಲೆಯೆತ್ತದೆ, ನೆಲಕ್ಕೆ ಅಂಟಿಕೊಂಡೇ ಹೂ ಬಿಡುವ ಗಿಡಗಳು. “ಇಲ್ಲಿ ನೆಲಾನ ಗಿಡ ಆಗೇತಿ” ಎಂದು ಮೆಲ್ಲಗೆ ಹೇಳಿದರು. ಆಮೇಲೆ ನಿಮ್ಮ ಎಚ್ಚರಿಕೆಯ ಪತ್ರ ಮನೆಗೂ ಬಂತು. ತಪ್ಪು ನಮ್ಮದೇ, ಒಪ್ಪಿಕೊಂಡೆವು.

ಈಗ ನೀವು ಹೇಳಿ. ರೊಟ್ಟಿಯ ಚೂರಿಗೆ ಹಾಳಾಗುವ ಗೂಡು ಟೈರಿಗೆ ಹಾಳಾಗದೇ? ಡಿಸೆಂಬರಿನಲ್ಲಿ ಜೀವವಿದ್ದ ನೆಲ ಜನವರಿಗೆ ಖಾಲಿಯಾದದ್ದು ಹೇಗೆ? ಮುದುಕನನ್ನು ಗದರಿಸುವಾಗ ಕಂಡ ಹಕ್ಕಿ, ರ‍್ಯಾಲಿಯವರು ಅರ್ಜಿ ಹಿಡಿದು ಬಂದಾಗ ಮಾಯವಾಯಿತೇ? ಅಥವಾ ನಿಮ್ಮ ಕಾನೂನಿಗೆ ಬಡವರ ಹಬ್ಬದಡುಗೆ ಮಾತ್ರ ಕಾಣುತ್ತದೆಯೇ?

ನಾನು ವಿಜ್ಞಾನಿಯಲ್ಲ. ನಿಮ್ಮ ಮಾಹಿತಿ ಕೇಂದ್ರದಲ್ಲಿ ಪುಕ್ಕಟೆ ಸಿಗುವ ಕರಪತ್ರಗಳನ್ನು ಓದಿ ಕಲಿತವಳು. ನೀವು ಅವನ್ನು ಅಚ್ಚು ಹಾಕಿಸಿದಿರಿ, ನಾನು ಓದಿದೆ. ನಮ್ಮಿಬ್ಬರ ನಡುವೆ ಇರುವ ವ್ಯತ್ಯಾಸ ಇಷ್ಟೇ. ಕಳೆದ ಭಾನುವಾರ ಮತ್ತೆ ಹೋಗಿ ರಸ್ತೆಯಂಚಿನಿಂದ ನೋಡಿದೆ. ಮರಿಗಳು ಹೊರಬಂದಿವೆ. ಕಡ್ಡಿಯಂಥ ಕಾಲು, ಹತ್ತಿಯುಂಡೆಯಂಥ ಮೈ. ಲಾರಿಯೊಂದು ಹಾದುಹೋದಾಗ ಅವು ಓಡಲಿಲ್ಲ. ಇದ್ದಲ್ಲೇ ಕುಸಿದು ಕಲ್ಲಾಗಿಬಿಟ್ಟವು. ಅಪಾಯ ಕಂಡಾಗ ಅವಕ್ಕೆ ಗೊತ್ತಿರುವುದು ಅದೊಂದೇ ಉಪಾಯ. ಸೋಮವಾರ ಯಂತ್ರ ಓಡಿಸುವವನಿಗೂ ಅಲ್ಲಿ ಕಲ್ಲುಗಳೇ ಕಾಣುತ್ತವೆ. ಅವನನ್ನು ನಾನು ದೂರುವುದಿಲ್ಲ. ಗೊತ್ತಿದ್ದೂ ಕಳಿಸುತ್ತಿರುವವರು ನೀವು.

ಅನುಮತಿಯನ್ನು ಹಿಂತೆಗೆದುಕೊಳ್ಳಿ. ಕಾರುಗಳನ್ನು ಹತ್ತಿರದ ಊರಿನ ಕುದುರೆ ಪಂದ್ಯದ ಮೈದಾನದಲ್ಲಿ ನಿಲ್ಲಿಸಲಿ. ಅಲ್ಲಿಂದ ನಡೆದು ಬಂದರೆ ಯಾರ ಕಾಲೂ ಸವೆಯುವುದಿಲ್ಲ. ಆಗದು ಎನ್ನುವುದಾದರೆ, ಆ ಮಾತನ್ನು ಕಚೇರಿಯ ಕುರ್ಚಿಯಿಂದ ಹೇಳಬೇಡಿ. ಬಯಲಿಗೆ ಬಂದು, ಬಗ್ಗಿ ನೋಡಿ, ಖಾಲಿಯಿದೆ ಎಂದು ನನ್ನೆದುರು ಹೇಳಿ.

ಇಂತಿ,
ನಿಮ್ಮ ಕರಪತ್ರಗಳನ್ನು ನಂಬಿ ಕೆಟ್ಟ
ತಕಾನಿನಿಯ ಮಯೂರಿ.
ಈ ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ಬಯಲಿನ ಅಂಚಿನಲ್ಲಿ ನಿಂತಿರುತ್ತೇನೆ.